ಸಂದೇಹಪಟ್ಟ ಇಮಾಮ್: ಗಝ್ಝಾಲಿಯವರ ಜೀವನ

ನಮ್ಮ ಮನೆಯ ಬೀರುವಿನ ಮೇಲಿನ ಅಂತಸ್ತಿನಲ್ಲಿ ‘ಕೀಮಿಯಾ-ಎ-ಸಆದತ್’ ಎಂಬ ಪುಸ್ತಕದ ಉರ್ದು ಅನುವಾದವೊಂದು ಬಟ್ಟೆಯಲ್ಲಿ ಸುತ್ತಿಟ್ಟಿದೆ. ರಮಝಾನ್ ತಿಂಗಳಲ್ಲಿ ದಾದಿ ಅದನ್ನು ತೆಗೆದು ಓದುತ್ತಾರೆ. ಅದನ್ನು ಬರೆದವರು ಇಮಾಮ್ ಗಝ್ಝಾಲಿ (ರ) ಎಂದು ನನಗೆ ಚಿಕ್ಕಂದಿನಿಂದಲೂ ಗೊತ್ತಿತ್ತು. ಎಲ್ಲವನ್ನೂ ಬಲ್ಲ, ಯಾವುದರಲ್ಲೂ ಅನುಮಾನವೇ ಇಲ್ಲದ ಮಹಾನ್ ವಿದ್ವಾಂಸರು ಎಂದುಕೊಂಡಿದ್ದೆ. ತನಗೆ ನಿಜವಾಗಿ ಏನಾದರೂ ಗೊತ್ತಿದೆಯೇ ಎಂದು ಅವರೇ ಒಮ್ಮೆ ಸುಮಾರು ಎರಡು ತಿಂಗಳು ಒದ್ದಾಡಿದ್ದರು ಎಂಬುದು ನನಗೆ ತಿಳಿದದ್ದು ಈ ವರ್ಷ. ಅದಕ್ಕಾಗಿಯೇ ಈ ಲೇಖನ.

ಅಬೂ ಹಾಮಿದ್ ಮುಹಮ್ಮದ್ ಅಲ್-ಗಝ್ಝಾಲಿ 1058ರಲ್ಲಿ ಖುರಾಸಾನಿನ ತೂಸ್ ಎಂಬ ಊರಿನಲ್ಲಿ ಹುಟ್ಟಿದರು. ಅದು ಇಂದಿನ ಇರಾನಿನ ಮಶ್ಹದ್ ನಗರದ ಹತ್ತಿರವಿದೆ. ತಂದೆ ಉಣ್ಣೆ ನೂತು ಮಾರುತ್ತಿದ್ದ ಬಡವರು ಎಂದು ಹೇಳುತ್ತಾರೆ. ತಾವು ಓದಲಿಲ್ಲ ಎಂಬ ಕೊರಗು ಅವರಿಗಿತ್ತು. ಸಾಯುವ ಮುಂಚೆ ತಮ್ಮಲ್ಲಿದ್ದ ಅಲ್ಪ ಹಣವನ್ನೂ ಇಬ್ಬರು ಗಂಡುಮಕ್ಕಳನ್ನೂ ಒಬ್ಬ ಸೂಫಿ ಗೆಳೆಯರಿಗೆ ಒಪ್ಪಿಸಿದರು. ಹಣ ಮುಗಿದಾಗ ಆ ಗೆಳೆಯರು ಹುಡುಗರನ್ನು ಮದ್ರಸಾಕ್ಕೆ ಸೇರಿಸಿದರು, ಏಕೆಂದರೆ ಅಲ್ಲಿ ಓದುವವರಿಗೆ ಊಟ ಸಿಗುತ್ತಿತ್ತು. ಅಂದರೆ ಮುಂದೆ ಇಮಾಮ್ ಆದ ಹುಡುಗ ಮೊದಲು ಮದ್ರಸಾಕ್ಕೆ ಹೋದದ್ದು ಹೊಟ್ಟೆಪಾಡಿಗಾಗಿ. ಇದನ್ನು ಅವರು ಮರೆಯಲಿಲ್ಲ.

ಅವರ ವಿದ್ಯಾರ್ಥಿ ದಿನಗಳ ಒಂದು ಕಥೆ ಪ್ರಸಿದ್ಧವಾಗಿದೆ. ಜುರ್ಜಾನಿನಲ್ಲಿ ಓದು ಮುಗಿಸಿ ಊರಿಗೆ ಬರುವಾಗ ದಾರಿಯಲ್ಲಿ ದರೋಡೆಕೋರರು ಎಲ್ಲವನ್ನೂ ಕಿತ್ತುಕೊಂಡರು. ಗಝ್ಝಾಲಿ ಅವರ ಹಿಂದೆಯೇ ಓಡಿ, ಬೇರೇನೂ ಬೇಡ, ನನ್ನ ನೋಟ್ಸ್ ಇರುವ ಚೀಲವನ್ನು ಮಾತ್ರ ಕೊಡಿ, ನಾನು ಕಲಿತದ್ದೆಲ್ಲ ಅದರಲ್ಲಿದೆ ಎಂದು ಬೇಡಿಕೊಂಡರು. ಕಳ್ಳರ ನಾಯಕ ನಕ್ಕುಬಿಟ್ಟ. ಚೀಲ ಹೋದರೆ ಹೋಗುವಂಥದ್ದು ನಿನ್ನ ವಿದ್ಯೆ ಹೇಗಾಯಿತು ಎಂದು ಕೇಳಿ ಚೀಲ ವಾಪಸ್ ಕೊಟ್ಟ. ತೂಸ್‌ಗೆ ಬಂದ ಗಝ್ಝಾಲಿ ಮೂರು ವರ್ಷ ಕೂತು ಅದೆಲ್ಲವನ್ನೂ ಬಾಯಿಪಾಠ ಮಾಡಿದರಂತೆ. ನೋಟ್ಸಿನ ಜೆರಾಕ್ಸ್ ಹೊತ್ತು ತಿರುಗುವ ನಮಗೆ ಈ ಕಥೆ ಸ್ವಲ್ಪ ಚುಚ್ಚುತ್ತದೆ. ಆದರೆ ಬಾಯಿಪಾಠ ಮಾಡಿದ ಮಾತ್ರಕ್ಕೆ ಗೊತ್ತಾದಂತೆಯೇ? ಮುಂದೆ ಅವರನ್ನು ಕಾಡಿದ್ದು ಈ ಪ್ರಶ್ನೆಯೇ.

ನಿಶಾಪುರದಲ್ಲಿ ಅವರು ಇಮಾಮುಲ್ ಹರಮೈನ್ ಎಂದು ಹೆಸರಾದ ಅಲ್-ಜುವೈನಿಯವರ ಶಿಷ್ಯರಾದರು. 1085ರಲ್ಲಿ ಗುರುಗಳು ತೀರಿಕೊಂಡ ಮೇಲೆ ಸೆಲ್ಜೂಕ್ ವಜೀರ ನಿಝಾಮುಲ್ ಮುಲ್ಕ್ ಅವರ ಆಶ್ರಯ ಸಿಕ್ಕಿತು. 1091ರಲ್ಲಿ, 33ನೇ ವಯಸ್ಸಿನಲ್ಲಿ, ಬಗ್ದಾದಿನ ನಿಝಾಮಿಯಾ ಮದ್ರಸಾದ ಪ್ರಾಧ್ಯಾಪಕರಾದರು. ಅವರ ಪಾಠಕ್ಕೆ 300 ವಿದ್ಯಾರ್ಥಿಗಳು ಕೂರುತ್ತಿದ್ದರು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಹುದ್ದೆ ಒಬ್ಬ ಆಲಿಮ್‌ಗೆ ಇರಲಿಲ್ಲ ಎನ್ನಬಹುದು.

ಸಂದೇಹದ ಕಥೆಯನ್ನು ಅವರು ಐವತ್ತರ ಆಸುಪಾಸಿನಲ್ಲಿ ಬರೆದ ‘ಅಲ್-ಮುನ್ಕಿಝ್ ಮಿನ ಳ್ಳಲಾಲ್’ ಎಂಬ ಚಿಕ್ಕ ಆತ್ಮಕಥೆಯಲ್ಲಿ ಹೇಳಿದ್ದಾರೆ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೂ ಯಹೂದಿಗಳ ಮಕ್ಕಳು ಯಹೂದಿಗಳಾಗಿಯೂ ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೂ ಬೆಳೆಯುವುದನ್ನು ಅವರು ಕಂಡರು. ಹಾಗಾದರೆ ತಂದೆತಾಯಿ, ಉಸ್ತಾದರು ಹೇಳಿದ್ದನ್ನು ನಂಬುವುದು ಬೇರೆ, ತಿಳಿಯುವುದು ಬೇರೆ. ತಿಳಿಯುವುದು ಎಂದರೆ ಯಾವ ಅನುಮಾನಕ್ಕೂ ಜಾಗವಿಲ್ಲದಂತೆ ತಿಳಿಯುವುದು. ಅವರ ಉದಾಹರಣೆ ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇಷ್ಟವಾಯಿತು. ಹತ್ತು ಮೂರಕ್ಕಿಂತ ದೊಡ್ಡದು ಎಂದು ನನಗೆ ಗೊತ್ತು. ಒಬ್ಬನು ಬಂದು ಮೂರೇ ದೊಡ್ಡದು ಎಂದು ವಾದಿಸಿ, ಅದನ್ನು ಸಾಬೀತು ಮಾಡಲು ಕೋಲನ್ನು ಹಾವು ಮಾಡಿ ತೋರಿಸಿದರೂ ನನಗೆ ಆಶ್ಚರ್ಯವಾಗುತ್ತದೆಯೇ ಹೊರತು ಅನುಮಾನ ಬರುವುದಿಲ್ಲ. ಆ ಮಟ್ಟದ ಜ್ಞಾನ ತನ್ನಲ್ಲಿ ಎಷ್ಟಿದೆ ಎಂದು ಅವರು ಲೆಕ್ಕ ಹಾಕಲು ಕೂತರು.

ಮೊದಲು ಕಣ್ಣನ್ನು ಪರೀಕ್ಷಿಸಿದರು. ನೆರಳು ನಿಂತಲ್ಲೇ ನಿಂತಿದೆ ಎನ್ನುತ್ತದೆ ಕಣ್ಣು. ಒಂದು ಗಂಟೆ ಬಿಟ್ಟು ನೋಡಿದರೆ ಅದು ಸರಿದಿರುತ್ತದೆ. ನಕ್ಷತ್ರ ಒಂದು ದೀನಾರ್ ನಾಣ್ಯದಷ್ಟು ಕಾಣುತ್ತದೆ. ಗಣಿತ ಅದು ಭೂಮಿಗಿಂತ ದೊಡ್ಡದು ಎಂದು ತೋರಿಸುತ್ತದೆ. ಆದ್ದರಿಂದ ಇಂದ್ರಿಯಗಳ ಸಾಕ್ಷ್ಯ ಬಿದ್ದುಹೋಯಿತು. ಬುದ್ಧಿಯಾದರೂ ಉಳಿಯಿತೇ? ಇಲ್ಲಿ ಅವರು ಇಂದ್ರಿಯಗಳ ಕೈಯಲ್ಲೇ ಒಂದು ಪ್ರಶ್ನೆ ಕೇಳಿಸುತ್ತಾರೆ. ಬುದ್ಧಿ ಬಂದು ನಮ್ಮನ್ನು ಸುಳ್ಳು ಎಂದಿತು. ಬುದ್ಧಿಯ ಮೇಲೆ ಇನ್ನೊಬ್ಬ ನ್ಯಾಯಾಧೀಶ ಇದ್ದು, ಅವನು ಬಂದರೆ ಬುದ್ಧಿಯೂ ಸುಳ್ಳಾಗಬಹುದಲ್ಲವೇ? ಅವನು ಇನ್ನೂ ಬಂದಿಲ್ಲ ಎಂದರೆ ಅವನು ಇಲ್ಲವೇ ಇಲ್ಲ ಎಂದಲ್ಲ. ಕನಸು ಕಾಣುವಾಗ ಎಲ್ಲವೂ ನಿಜವೇ, ಎದ್ದ ಮೇಲಷ್ಟೇ ಗೊತ್ತಾಗುವುದು. ಈ ಎಚ್ಚರವೂ ಇನ್ನೊಂದು ಎಚ್ಚರದ ಮುಂದೆ ಕನಸಾಗಿದ್ದರೆ?

ಇದನ್ನು ಓದಿದಾಗ ನನಗೆ ನೆನಪಾದದ್ದು ಟ್ರಯಲ್ ಬ್ಯಾಲೆನ್ಸ್. ಡೆಬಿಟ್ ಕ್ರೆಡಿಟ್ ಎರಡೂ ಸರಿಹೊಂದಿದರೂ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಹೇಳಲಾಗದು, ಕೆಲವು ತಪ್ಪುಗಳು ಅದರಲ್ಲಿ ಕಾಣುವುದೇ ಇಲ್ಲ ಎಂದು ಮೊದಲ ವರ್ಷವೇ ನಮಗೆ ಹೇಳಿಕೊಡುತ್ತಾರೆ.

ಇಂಥ ಸಂದೇಹ ಹೊಸದೇನಲ್ಲ. ಅಲೆಕ್ಸಾಂಡರನ ದಂಡಿನ ಜೊತೆ ಭಾರತದವರೆಗೂ ಬಂದಿದ್ದ ಗ್ರೀಸಿನ ಪಿರ್ರೋ ಎಂಬವರ ಹೆಸರಿನಲ್ಲಿ ಸಂದೇಹವಾದಿಗಳ ಒಂದು ಪಂಥವೇ ಇತ್ತು. ಯಾವುದನ್ನೂ ಹೌದು ಅಥವಾ ಅಲ್ಲ ಎಂದು ತೀರ್ಮಾನಿಸದೆ ಬಿಟ್ಟರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಎಂದು ಅವರು ನಂಬಿದ್ದರು. ಗಝ್ಝಾಲಿಯವರಿಗೆ ಆದದ್ದು ಇದಕ್ಕೆ ವಿರುದ್ಧ. ಅವರು ಸಂದೇಹವನ್ನು ಕಾಯಿಲೆ ಎಂದೇ ಕರೆಯುತ್ತಾರೆ. ಸಾಬೀತು ಮಾಡಲು ಬುದ್ಧಿ ಬೇಕು, ಅನುಮಾನ ಬಂದಿರುವುದೇ ಬುದ್ಧಿಯ ಮೇಲೆ, ಹಾಗಾಗಿ ಮದ್ದೂ ಇಲ್ಲ. ಬಾಯಲ್ಲಿ ಒಪ್ಪದಿದ್ದರೂ ಆ ಎರಡು ತಿಂಗಳು ತಾನು ಸಫ್ಸತಾದವರ ದಾರಿಯಲ್ಲೇ ಇದ್ದೆ ಎಂದು ಒಪ್ಪಿಕೊಳ್ಳುತ್ತಾರೆ. ಏನನ್ನೂ ತಿಳಿಯಲಾಗದು ಎಂದು ವಾದಿಸುವುದಕ್ಕೆ ಅರಬಿಯಲ್ಲಿ ಆ ಹೆಸರು. ಅದಕ್ಕೂ ಸೂಫಿ ಎಂಬ ಪದಕ್ಕೂ ಸಂಬಂಧವಿಲ್ಲ, ನಾನು ಮೊದಲು ಹಾಗೆ ತಪ್ಪು ತಿಳಿದಿದ್ದೆ.

ಕೊನೆಗೆ ಅವರು ಗುಣವಾದದ್ದು ಯಾವ ವಾದದಿಂದಲೂ ಅಲ್ಲ, ಅಲ್ಲಾಹನು ಎದೆಯಲ್ಲಿ ಹಾಕಿದ ಒಂದು ಬೆಳಕಿನಿಂದ ಎಂದು ಬರೆಯುತ್ತಾರೆ. ನಿಜ ಹೇಳುವುದಾದರೆ ಮೊದಲ ಸಲ ಓದಿದಾಗ ನನಗೆ ನಿರಾಶೆಯಾಯಿತು. ಲೆಕ್ಕದಲ್ಲಿ ಉತ್ತರ ಮಾತ್ರ ಇದ್ದು ನಡುವಿನ ಹಂತಗಳೇ ಇಲ್ಲದ ಹಾಗೆ ಅನಿಸಿತು. ಆಮೇಲೆ ಯೋಚಿಸಿದೆ. ಲೆಕ್ಕ ಬರೆದವನೇ ಅದರ ಆಡಿಟ್ ಮಾಡಿದರೆ ಯಾರು ಒಪ್ಪುತ್ತಾರೆ? ಬುದ್ಧಿ ತನ್ನ ಲೆಕ್ಕವನ್ನು ತಾನೇ ಪಾಸ್ ಮಾಡಿಕೊಳ್ಳಲಾಗದು ಎಂದು ಕಂಡವರು ಬೇಕಿದ್ದರೆ ಒಂದು ವಾದ ಕಟ್ಟಿ ಆ ಬಿರುಕನ್ನು ಮುಚ್ಚಬಹುದಿತ್ತು. ಅಷ್ಟು ಜಾಣರೇ ಅವರು. ಹಾಗೆ ಮಾಡದೆ ಬಿರುಕನ್ನು ಇದ್ದ ಹಾಗೆ ತೋರಿಸಿದ್ದಾರೆ. ಬೆಳಕು ಕಾಣದವರು ಏನು ಮಾಡಬೇಕು ಎಂಬ ಪ್ರಶ್ನೆ ನನಗೆ ಇನ್ನೂ ಉಳಿದಿದೆ.

ಬಗ್ದಾದಿನಲ್ಲಿ ಪಾಠದ ನಡುವೆ ಸಿಕ್ಕ ಬಿಡುವಿನಲ್ಲಿ ಎರಡು ವರ್ಷದೊಳಗೆ ತತ್ವಶಾಸ್ತ್ರವನ್ನು ತಾವೇ ಓದಿ ಕಲಿತರು. 1095ರಲ್ಲಿ ‘ತಹಾಫುತುಲ್ ಫಲಾಸಿಫಾ’ ಬರೆದು ಇಬ್ನ್ ಸೀನಾ ಮೊದಲಾದವರ ವಾದಗಳನ್ನು 20 ವಿಷಯಗಳಲ್ಲಿ ಪ್ರಶ್ನಿಸಿದರು. ಅದರಲ್ಲಿ ಹತ್ತಿ ಮತ್ತು ಬೆಂಕಿಯ ಮಾತು ಬರುತ್ತದೆ. ಬೆಂಕಿ ತಾಗಿದಾಗ ಹತ್ತಿ ಸುಡುವುದನ್ನು ನಾವು ನೋಡುತ್ತೇವೆ. ಬೆಂಕಿಯಿಂದಲೇ ಸುಟ್ಟಿತು ಎಂಬುದನ್ನು ಯಾರೂ ನೋಡಿಲ್ಲ. ಸುಮಾರು 640 ವರ್ಷಗಳ ನಂತರ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇಂಥದ್ದೇ ಪ್ರಶ್ನೆ ಎತ್ತಿದರು. ಫ್ರಾನ್ಸಿನ ಡೆಕಾರ್ಟ್ 1641ರಲ್ಲಿ ಕನಸಿನ ಸಂದೇಹವನ್ನೇ ಹಿಡಿದು ಹೊರಟರು. ಇದೇ ಪುಸ್ತಕದಿಂದಾಗಿ ಗಝ್ಝಾಲಿ ವಿಜ್ಞಾನದ ವೈರಿ ಎನ್ನುವವರೂ ಇದ್ದಾರೆ. ಆದರೆ ಗ್ರಹಣದ ಲೆಕ್ಕವನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಧರ್ಮಕ್ಕೇ ಕೆಡುಕು ಮಾಡುತ್ತಾನೆ ಎಂದು ಅವರು ಅದರ ಆರಂಭದಲ್ಲೇ ಬರೆದಿದ್ದಾರೆ. ಆದರೂ ಮೂರು ವಿಷಯಗಳಲ್ಲಿ ಎದುರಾಳಿಗಳನ್ನು ಕಾಫಿರರು ಎಂದು ಅವರು ತೀರ್ಪು ಕೊಟ್ಟದ್ದು, ಇಷ್ಟೊಂದು ಸಂದೇಹ ಅನುಭವಿಸಿದವರ ಕೈಯಿಂದ ಬಂದದ್ದು, ನನಗೆ ಕಠಿಣ ಅನಿಸುತ್ತದೆ.

ಅದೇ ವರ್ಷ ಎರಡನೆಯ ಸಂದೇಹ ಬಂತು. ಈ ಸಲ ಅನುಮಾನ ತನ್ನ ಮೇಲೆಯೇ. ನಾನು ಪಾಠ ಮಾಡುತ್ತಿರುವುದು ಅಲ್ಲಾಹನಿಗಾಗಿಯೋ, ಹೆಸರಿಗಾಗಿಯೋ? ಹೆಸರಿಗಾಗಿ ಎಂಬ ಉತ್ತರ ಅವರಿಗೆ ಸಿಕ್ಕಿತು. ಒಂದು ದಿನ ಊರು ಬಿಡಬೇಕೆಂದು ನಿರ್ಧಾರ, ಮರುದಿನ ಅದು ರದ್ದು. ಸುಮಾರು ಆರು ತಿಂಗಳು ಹೀಗೇ ನಡೆಯಿತು. ಒಂದು ದಿನ ಪಾಠಕ್ಕೆ ಕೂತಾಗ ನಾಲಿಗೆಯೇ ಹೊರಳಲಿಲ್ಲ, ಒಂದು ಪದವೂ ಬರಲಿಲ್ಲ. ಊಟ ಸೇರದಾಯಿತು. ಇದು ಮನಸ್ಸಿನಿಂದ ಬಂದ ಕಾಯಿಲೆ ಎಂದು ಹಕೀಮರು ಕೈಬಿಟ್ಟರು. ಮೊದಲಿನದಕ್ಕಿಂತ ಇದೇ ಕಷ್ಟದ್ದು ಎಂದು ನನಗನಿಸುತ್ತದೆ, ಏಕೆಂದರೆ ಆಗ ಉತ್ತರ ಗೊತ್ತಿರಲಿಲ್ಲ, ಈಗ ಗೊತ್ತಿತ್ತು.

ನವೆಂಬರಿನಲ್ಲಿ, ಮಕ್ಕಳ ಜೀವನಕ್ಕೆ ಬೇಕಾದಷ್ಟನ್ನು ಇಟ್ಟು ಉಳಿದ ಹಣವನ್ನು ಹಂಚಿ, ಮಕ್ಕಾಕ್ಕೆ ಹೋಗುತ್ತೇನೆ ಎಂದು ಎಲ್ಲರಿಗೂ ಹೇಳಿ ಡಮಾಸ್ಕಸ್ ದಾರಿ ಹಿಡಿದರು. ಯಾರೂ ತಡೆಯದಿರಲಿ ಎಂದು ಹಾಗೆ ಹೇಳಿದರು. ಡಮಾಸ್ಕಸ್‌ನ ದೊಡ್ಡ ಮಸೀದಿಯ ಮಿನಾರದಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ದಿನವಿಡೀ ಇರುತ್ತಿದ್ದರು. ಅಲ್ಲಿಂದ ಜೆರುಸಲೇಮ್, ಹೆಬ್ರಾನ್, ಆಮೇಲೆ ನಿಜವಾಗಿಯೂ ಹಜ್. ಸುಲ್ತಾನರ ದರ್ಬಾರಿಗೆ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ವಾದಕ್ಕೆ ಇಳಿಯುವುದಿಲ್ಲ ಎಂದು ಹೆಬ್ರಾನಿನಲ್ಲಿ ಇಬ್ರಾಹೀಮ್ (ಅ) ಅವರ ಸಮಾಧಿಯ ಬಳಿ ಪ್ರತಿಜ್ಞೆ ಮಾಡಿದರು. ನಲವತ್ತು ಭಾಗಗಳ ‘ಇಹ್ಯಾ ಉಲೂಮುದ್ದೀನ್’ ಬರೆದದ್ದು ಈ ವರ್ಷಗಳಲ್ಲಿ. ದಾದಿ ಓದುವ ಕೀಮಿಯಾ ಅದರದೇ ದಾರಿಯಲ್ಲಿ ಫಾರ್ಸಿಯಲ್ಲಿ ಬರೆದ ಪುಸ್ತಕ.

1106ರಲ್ಲಿ, ನಿಝಾಮುಲ್ ಮುಲ್ಕ್ ಅವರ ಮಗನ ಒತ್ತಾಯದಿಂದ, ನಿಶಾಪುರದಲ್ಲಿ ಮತ್ತೆ ಪಾಠಕ್ಕೆ ಕೂತರು. ಪ್ರತಿಜ್ಞೆ ಸಡಿಲವಾಯಿತಲ್ಲ ಎಂದು ಕೇಳುವವರು ಇದ್ದೇ ಇರುತ್ತಾರೆ. ಮೊದಲು ತಾನು ಕಲಿಸಿದ್ದು ಹೆಸರು ಗಳಿಸುವ ವಿದ್ಯೆ, ಈಗ ಕಲಿಸುವುದು ಹೆಸರು ಬಿಡುವ ವಿದ್ಯೆ ಎಂಬ ಅರ್ಥದಲ್ಲಿ ಅವರು ಬರೆದಿದ್ದಾರೆ. ಆದರೂ ತನ್ನ ಉದ್ದೇಶ ಈಡೇರುವುದೋ ಇಲ್ಲವೋ ಗೊತ್ತಿಲ್ಲ ಎಂದೂ ಸೇರಿಸಿದ್ದಾರೆ.

ಕೊನೆಯ ದಿನಗಳನ್ನು ತೂಸ್‌ನಲ್ಲಿ, ತಮ್ಮ ಮನೆಯ ಹತ್ತಿರ ಕಟ್ಟಿದ ಮದ್ರಸಾದಲ್ಲಿ ಕೆಲವೇ ಶಿಷ್ಯರೊಂದಿಗೆ ಕಳೆದರು. 1111ರ ಡಿಸೆಂಬರಿನ ಒಂದು ಸೋಮವಾರ ಫಜ್ರ್ ಹೊತ್ತಿಗೆ ವುಝೂ ಮಾಡಿ ನಮಾಝ್ ಮುಗಿಸಿ ಕಫನ್ ತರಿಸಿಕೊಂಡರು, ಅದನ್ನು ಮುತ್ತಿಟ್ಟು ಕಣ್ಣಿಗೆ ಒತ್ತಿಕೊಂಡು ಕಿಬ್ಲಾದ ಕಡೆ ಕಾಲು ಚಾಚಿ ಮಲಗಿದರು ಎಂದು ಅವರ ತಮ್ಮ ಅಹ್ಮದ್ ಹೇಳಿದ್ದಾಗಿ ದಾಖಲೆಯಿದೆ. ಬೆಳಕು ಹರಿಯುವ ಮುಂಚೆಯೇ ಅವರು ತೀರಿಕೊಂಡಿದ್ದರು.