ಸಾವನದುರ್ಗದ ಮಿಸೆಸ್ ಮೂರ್

ನಮ್ಮ ಕಾಲೇಜಿನಲ್ಲಿ ಸಾವನದುರ್ಗಕ್ಕೆ ಟ್ರೆಕ್ಕಿಂಗ್ ಹೋಗದವರು ಕಮ್ಮಿ. ಫಸ್ಟ್ ಇಯರ್‌ನಲ್ಲಿ ನಾವೂ ಬೈಕಲ್ಲಿ ಹೋಗಿ, ಅರ್ಧ ಬಂಡೆ ಹತ್ತಿ ಸುಸ್ತಾಗಿ, ಒಂದಷ್ಟು ಫೋಟೋ ತಗೊಂಡು, ಮಾಗಡಿಯಲ್ಲಿ ಇಡ್ಲಿ ತಿಂದು ವಾಪಸ್ ಬಂದಿದ್ವಿ. ಆ ಬೆಟ್ಟ ಒಂದು ಆಸ್ಕರ್ ಸಿನಿಮಾದಲ್ಲಿದೆ ಅಂತ ಗೊತ್ತಾಗಿದ್ದು ಆಮೇಲೆ. ಸಿನಿಮಾ ಹೆಸರು ‘ಎ ಪ್ಯಾಸೇಜ್ ಟು ಇಂಡಿಯಾ’, 1984ರದ್ದು. ಅದರಲ್ಲಿ ಮಿಸೆಸ್ ಮೂರ್ ಅನ್ನೋ ಅಜ್ಜಿಯ ಪಾತ್ರ ಮಾಡಿದವರು ಪೆಗಿ ಆಶ್‌ಕ್ರಾಫ್ಟ್. ನನಗೆ ಸಿನಿಮಾಗಿಂತ ಈ ಅಜ್ಜಿಯ ಕಥೆಯೇ ಹೆಚ್ಚು ಹಿಡಿಸಿತು.

ಪೆಗಿ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ತಾಯಿಗೆ ನಾಟಕ ಅಂದರೆ ಪ್ರಾಣ, ಹವ್ಯಾಸಕ್ಕೆ ತಾವೂ ನಟಿಸುತ್ತಿದ್ದರು. ಆದರೆ ಮಗಳು ಅದನ್ನೇ ಕೆಲಸ ಮಾಡಿಕೊಳ್ಳೋದು ಅವರಿಗೆ ಇಷ್ಟ ಇರಲಿಲ್ಲ. ಹವ್ಯಾಸ ಓಕೆ, ಕೆರಿಯರ್ ಬೇಡ! ಈ ಮಾತು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕೇಳಿಲ್ಲ ಹೇಳಿ. ಪೆಗಿ ಮಾತ್ರ ಹದಿನಾರಕ್ಕೇ ಲಂಡನ್ನಿನ ಸೆಂಟ್ರಲ್ ಸ್ಕೂಲ್ ಎಂಬ ನಾಟಕ ಶಾಲೆ ಸೇರಿಬಿಟ್ಟರು. ಅಲ್ಲಿ ಜೊತೆಗೆ ಓದುತ್ತಿದ್ದ ಹುಡುಗರಲ್ಲಿ ಲಾರೆನ್ಸ್ ಒಲಿವಿಯರ್ ಒಬ್ಬರು. ಕೋರ್ಸ್ ಮುಗಿಯುವ ಮೊದಲೇ, 1926ರಲ್ಲಿ, ಬರ್ಮಿಂಗ್‌ಹ್ಯಾಮ್‌ನ ರಂಗಮಂದಿರದಲ್ಲಿ ಮೊದಲ ವೃತ್ತಿಪರ ಪಾತ್ರ ಸಿಕ್ಕಿತು.

1930ರಲ್ಲಿ ಲಂಡನ್ನಿನ ಸವಾಯ್ ಥಿಯೇಟರ್‌ನಲ್ಲಿ ‘ಒಥೆಲೊ’ ನಾಟಕ. ಒಥೆಲೊ ಆಗಿ ಅಮೆರಿಕದ ಕಪ್ಪು ನಟ, ಗಾಯಕ ಪಾಲ್ ರೋಬ್ಸನ್. ಅವನ ಹೆಂಡತಿ ಡೆಸ್ಡಿಮೋನಾ ಆಗಿ 22 ವರ್ಷದ ಪೆಗಿ. ಕಪ್ಪು ನಟನೊಬ್ಬ ವೇದಿಕೆ ಮೇಲೆ ಬಿಳಿ ಹುಡುಗಿಯನ್ನು ಮುಟ್ಟುವುದನ್ನೇ ಸಹಿಸದ ಜನ ಇದ್ದ ಕಾಲ ಅದು. ಪೆಗಿಗೆ ಬೈಗುಳದ ಪತ್ರಗಳು ಬಂದವು. ನಾಟಕದಲ್ಲಿ ಜೊತೆಗೆ ನಟಿಸುವ ಮನುಷ್ಯನಿಗೆ ಹೊರಗಡೆ ಸಮಾನ ಗೌರವ ಸಿಗಲ್ಲ ಅನ್ನೋದನ್ನು ಅವರು ಅಲ್ಲಿ ಹತ್ತಿರದಿಂದ ಕಂಡರು. ರಾಜಕೀಯ ಅಂದರೇನು ಅಂತ ಅವರ ಕಣ್ಣು ತೆರೆಸಿದ್ದು ಆ ನಾಟಕವೇ. ಅನ್ಯಾಯದ ವಿರುದ್ಧ ನಿಲ್ಲುವ ಸ್ವಭಾವ ಕೊನೆವರೆಗೂ ಉಳಿಯಿತು.

1935ರಲ್ಲಿ ಜಾನ್ ಗೀಲ್‌ಗುಡ್ ನಿರ್ದೇಶನದ ‘ರೋಮಿಯೋ ಅಂಡ್ ಜೂಲಿಯೆಟ್’. ಇದರ ವಿಶೇಷ ಕೇಳಿ: ಗೀಲ್‌ಗುಡ್ ಮತ್ತು ಒಲಿವಿಯರ್ ಇಬ್ಬರೂ ರೋಮಿಯೋ, ಮರ್ಕ್ಯುಷಿಯೋ ಪಾತ್ರಗಳನ್ನು ನಡುವೆ ಅದಲು ಬದಲು ಮಾಡಿಕೊಂಡರು. ಒಬ್ಬರದು ಕವಿತೆಯ ಹಾಗೆ ಹರಿಯುವ ಮಾತು, ಇನ್ನೊಬ್ಬರದು ಬೆಂಕಿ. ರೋಮಿಯೋ ಬದಲಾದರೂ ಜೂಲಿಯೆಟ್ ಒಬ್ಬಳೇ, ಪೆಗಿ. ಎದುರಿಗೆ ಯಾರೇ ಇರಲಿ, ಅವರಿಗೆ ತಕ್ಕಂತೆ ನಾಟಕವನ್ನು ಹಿಡಿದು ನಿಲ್ಲಿಸಬೇಕು. ಅದು ಸುಲಭ ಅಲ್ಲ.

ಅದೇ ವರ್ಷ ಹಿಚ್‌ಕಾಕ್‌ನ ‘ದಿ 39 ಸ್ಟೆಪ್ಸ್’ ಸಿನಿಮಾದಲ್ಲಿ ಹಳ್ಳಿಯ ರೈತನ ಹೆಂಡತಿಯಾಗಿ ಸಣ್ಣ ಪಾತ್ರ ಮಾಡಿದರು. ಕೆಲವೇ ನಿಮಿಷ ಬಂದು ಹೋಗುತ್ತಾರೆ, ಆದರೂ ಮರೆಯೋದಿಲ್ಲ. ಮನಸ್ಸು ಮಾಡಿದ್ದರೆ ಸಿನಿಮಾದಲ್ಲೇ ಮುಂದುವರಿಯಬಹುದಿತ್ತೇನೋ. ಅವರ ಆಸೆ ಬೇರೆ ಇತ್ತು. ಒಂದೇ ತಂಡ ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಬೇಕು, ಸ್ಟಾರ್ ಅನ್ನೋರು ಇರಬಾರದು, ಎಲ್ಲರೂ ಸೇರಿ ನಾಟಕ ಕಟ್ಟಬೇಕು. ಅದಕ್ಕಾಗಿ ಸುಮಾರು 25 ವರ್ಷ ಕಾದರು ಅಂತ ಹೇಳಬಹುದು. ನಡುವೆ ಮೂರು ಮದುವೆಯಾದವು, ಮೂರೂ ಮುರಿದವು. ಇಬ್ಬರು ಮಕ್ಕಳು. 1956ರಲ್ಲಿ ಡೇಮ್ ಬಿರುದು ಬಂತು. ನಾಟಕ ಮಾತ್ರ ಬಿಡಲಿಲ್ಲ.

ಪೀಟರ್ ಹಾಲ್ ಎಂಬ ಯುವ ನಿರ್ದೇಶಕ ಸ್ಟ್ರಾಟ್‌ಫರ್ಡ್‌ನಲ್ಲಿ ಅಂಥದ್ದೇ ಕಾಯಂ ತಂಡ ಕಟ್ಟಲು ಹೊರಟಾಗ ಅವರಿಗಿನ್ನೂ ಮೂವತ್ತೂ ತುಂಬಿರಲಿಲ್ಲ. ಇದೆಲ್ಲ ಆಗುತ್ತಾ ಅಂತ ಅನುಮಾನ ಇದ್ದಾಗ ಮೊದಲೇ ಒಪ್ಪಿಕೊಂಡವರಲ್ಲಿ ಪೆಗಿ ಒಬ್ಬರು. ಅಷ್ಟು ದೊಡ್ಡ ಹೆಸರು ಬಂದ ಮೇಲೆ ತಂಡಕ್ಕೆ ಬೆಲೆ ಬಂತು. ಅದೇ ಇವತ್ತಿನ ರಾಯಲ್ ಷೇಕ್ಸ್‌ಪಿಯರ್ ಕಂಪನಿ. 1963ರಲ್ಲಿ ಆ ತಂಡ ‘ದಿ ವಾರ್ಸ್ ಆಫ್ ದಿ ರೋಸಸ್’ ಮಾಡಿತು. ಷೇಕ್ಸ್‌ಪಿಯರ್‌ನ ನಾಲ್ಕು ನಾಟಕಗಳನ್ನು ಮೂರಕ್ಕೆ ಇಳಿಸಿದ ಪ್ರಯೋಗ. ಅದರಲ್ಲಿ ರಾಣಿ ಮಾರ್ಗರೆಟ್ ಮೊದಲು ಹರೆಯದ ಹುಡುಗಿ, ಕೊನೆಗೆ ಎಲ್ಲ ಕಳೆದುಕೊಂಡು ಶಾಪ ಹಾಕುವ ಮುದುಕಿ. ಎರಡನ್ನೂ ಮಾಡಿದ್ದು ಪೆಗಿ, ಆಗ ಅವರಿಗೆ 55 ವರ್ಷ. ಗ್ರಾಫಿಕ್ಸ್ ಇಲ್ಲ, ಕ್ಲೋಸಪ್ ಇಲ್ಲ. ನಡಿಗೆ, ಬೆನ್ನು, ದನಿ ಇಷ್ಟರಲ್ಲೇ ವಯಸ್ಸು ಕಾಣಿಸಬೇಕು.

ಈಗ ನಮ್ಮ ಬೆಟ್ಟಕ್ಕೆ ಬರೋಣ. ನಿರ್ದೇಶಕ ಡೇವಿಡ್ ಲೀನ್ ಕರೆದಾಗ ಪೆಗಿಗೆ ಮನಸ್ಸಿರಲಿಲ್ಲ. ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಧಾರಾವಾಹಿಗಾಗಿ ಆಗಷ್ಟೇ ಇಂಡಿಯಾಗೆ ಬಂದು ಹೋಗಿದ್ದರು. ತನಗೆ 75 ಆಯ್ತು ಅಂತ ನೆಪ ಹೇಳಿದರೆ, ಲೀನ್ ತನಗೂ ಅಷ್ಟೇ ಅಂದರಂತೆ! ಕೊನೆಗೆ ಒಪ್ಪಿದರು. ಶೂಟಿಂಗ್‌ನ ಬಹುಪಾಲು ಬೆಂಗಳೂರಿನ ಸುತ್ತಮುತ್ತಲೇ ನಡೆಯಿತು. ಫಾರ್ಸ್ಟರ್ ಕಾದಂಬರಿಯ ಮರಬಾರ್ ಗುಹೆಗಳಿಗೆ ಪ್ರೇರಣೆ ಬಿಹಾರದ ಬರಾಬರ್ ಗುಹೆಗಳು, ಆದರೆ ಲೀನ್ ಆರಿಸಿದ್ದು ಸಾವನದುರ್ಗ ಮತ್ತು ರಾಮದೇವರ ಬೆಟ್ಟ. ಗುಹೆಯ ಬಾಯಿಗಳನ್ನು ಸಿನಿಮಾದವರೇ ಕೊರೆಸಿಕೊಂಡರು.

ಕಥೆಯಲ್ಲಿ ಮಿಸೆಸ್ ಮೂರ್ ಗುಹೆಯೊಳಗೆ ಪ್ರತಿಧ್ವನಿ ಕೇಳಿ ಒಳಗೊಳಗೇ ಕುಸಿದು ಹೋಗುತ್ತಾಳೆ. ಹೆಚ್ಚು ಮಾತಿಲ್ಲ. ಹೊರಗೆ ಬಂದು ಕೂತಾಗ ಆ ಮುಖ ನೋಡಿದರೆ ಸಾಕು, ಏನೋ ಮುಗಿದು ಹೋಯಿತು ಅನ್ನಿಸುತ್ತೆ. 1985ರಲ್ಲಿ ಈ ಪಾತ್ರಕ್ಕೆ ಪೋಷಕ ನಟಿ ಆಸ್ಕರ್ ಬಂತು. ಆಗ ಅವರಿಗೆ 77. ಸಮಾರಂಭಕ್ಕೂ ಹೋಗಲಿಲ್ಲ, ಏಂಜೆಲಾ ಲ್ಯಾನ್ಸ್‌ಬರಿ ಅವರ ಪರವಾಗಿ ತಗೊಂಡರು. ಧಾರಾವಾಹಿಯ ಪಾತ್ರಕ್ಕೆ ಬಾಫ್ಟಾ ಕೂಡ ಬಂತು. ಸುಮಾರು ಅರವತ್ತು ವರ್ಷ ನಟಿಸಿದ ಮೇಲೆ ಪ್ರಪಂಚಕ್ಕೆಲ್ಲ ಅವರ ಮುಖ ಪರಿಚಯ ಆಗಿದ್ದು ಹೀಗೆ.

1991ರ ಜೂನ್ 14ರಂದು, 83ನೇ ವಯಸ್ಸಿನಲ್ಲಿ ಪೆಗಿ ತೀರಿಕೊಂಡರು. ಸ್ಟ್ರಾಟ್‌ಫರ್ಡ್‌ನಲ್ಲಿ ಷೇಕ್ಸ್‌ಪಿಯರ್‌ನ ಮನೆ ಇದ್ದ ಜಾಗದ ತೋಟದಲ್ಲಿ 1969ರಲ್ಲಿ ಅವರೇ ಒಂದು ಹಿಪ್ಪುನೇರಳೆ ಗಿಡ ನೆಟ್ಟಿದ್ದರು. ಚಿತಾಭಸ್ಮವನ್ನು ಅದರ ಬುಡದಲ್ಲೇ ಹಾಕಿದರು.

ಅವರ ಜೂಲಿಯೆಟ್, ಡೆಸ್ಡಿಮೋನಾ ನಾವು ನೋಡೋಕೆ ಆಗಲ್ಲ. ನಾಟಕ ಆ ರಾತ್ರಿಗೆ ಮುಗಿಯಿತು, ನೋಡಿದವರೂ ಹೋದರು. ಅದು ಗೊತ್ತಿದ್ದೂ ಅವರು ಆಯುಷ್ಯದ ಬಹುಪಾಲನ್ನು ಅದಕ್ಕೇ ಕೊಟ್ಟರು. ಮುಂದಿನ ಸಲ ಸಾವನದುರ್ಗಕ್ಕೆ ಹೋಗೋ ಮುಂಚೆ ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ಹಾಕ್ಕೊಂಡು ಆ ಸಿನಿಮಾ ಒಮ್ಮೆ ನೋಡಿ. ನಾನಂತೂ ಈ ಸಲ ಪೂರ್ತಿ ಹತ್ತುತ್ತೀನಿ.