ಕ್ಯಾನ್ಸರ್ ರೋಗಿಗಳ ಗೆಳತಿ ಮದರ್ ಅಲ್ಫೋನ್ಸಾ

ಕಾಪುವಿನ ಕಡೆಯ ಒಬ್ಬರು ಈಚೆಗೆ ನನ್ನನ್ನು ಕಾಣಲು ಬಂದಿದ್ದರು. ಕಾರ್ಕಳದಲ್ಲಿರುವ ಅವರ ಬಾಲ್ಯದ ಗೆಳೆಯರಿಗೆ ನಾಲಗೆಯ ಕ್ಯಾನ್ಸರ್ ಎಂದು ಮಣಿಪಾಲದಲ್ಲಿ ಹೇಳಿದ್ದಾರೆ. ವರ್ಷ ವರ್ಷವೂ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಜತೆಯಾಗಿ ಹೋಗುತ್ತಿದ್ದವರು ಇವರಿಬ್ಬರು. ಸುದ್ದಿ ತಿಳಿದು ತಿಂಗಳಾದರೂ ಇವರು ನೋಡಲು ಹೋಗಿಲ್ಲ. ಹೋಗಿ ಏನು ಮಾತಾಡಬೇಕೆಂದೇ ತಿಳಿಯುವುದಿಲ್ಲ ಎಂದರು. ನಾನು ಗದರಲಿಲ್ಲ. ವ್ಯಾಧಿಸ್ಥರಿಗೆ ಅಭ್ಯಂಗ ಕೊಟ್ಟು, ಎಣ್ಣೆಯ ಡಬ್ಬಿ ಮುಚ್ಚಿ, ಅವಸರದಲ್ಲಿ ವಾರ್ಡಿನಿಂದ ಹೊರಬಿದ್ದ ದಿನಗಳು ನನಗೂ ಇವೆ. ಅವರಿಗೆ ಒಬ್ಬ ಹೆಂಗಸಿನ ಕತೆ ಹೇಳಿದೆ. ಪ್ರಿಯ ವಾಚಕರೇ, ಅದನ್ನೇ ನಿಮಗೂ ಹೇಳುತ್ತೇನೆ.

ಆಕೆಯ ಹೆಸರು ರೋಸ್ ಹಾಥಾರ್ನ್. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಆಕೆಯ ತಂದೆಯ ಹೆಸರು ಗೊತ್ತಿರುತ್ತದೆ. ಅಮೆರಿಕದ ಪ್ರಖ್ಯಾತ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಅವರ ಕಿರಿಯ ಮಗಳು ರೋಸ್. ಹುಟ್ಟಿದ್ದು 1851ರಲ್ಲಿ. ಹದಿಮೂರು ತುಂಬಿದಾಗ ತಂದೆ ಇಲ್ಲ, ಇಪ್ಪತ್ತಾಗುವ ಮೊದಲೇ ತಾಯಿಯೂ ಇಲ್ಲ. 1871ರಲ್ಲಿ ಜಾರ್ಜ್ ಲ್ಯಾಥ್ರಪ್ ಎಂಬ ಬರಹಗಾರನ ಕೈಹಿಡಿದರು. ಒಬ್ಬನೇ ಮಗ ನಾಲ್ಕನೆಯ ವಯಸ್ಸಿನಲ್ಲಿ ಗಂಟಲಮಾರಿಗೆ ತುತ್ತಾದ. ಗಂಡ ಕುಡಿತಕ್ಕೆ ಬಿದ್ದ. 1891ರಲ್ಲಿ ದಂಪತಿಗಳಿಬ್ಬರೂ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಆದರೂ ಸಂಸಾರ ನೇರವಾಗಲಿಲ್ಲ. ಕೊನೆಗೆ ಧರ್ಮಸಭೆಯ ಅನುಮತಿ ಪಡೆದು ರೋಸ್ ಬೇರೆಯಾದರು.

ಈ ನಡುವೆ ಒಂದು ಸಾವು ಆಕೆಯ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಎಮ್ಮಾ ಲಜಾರಸ್ ಎಂಬ ಯೆಹೂದಿ ಕವಯಿತ್ರಿ ಆಕೆಯ ಗೆಳತಿ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪೀಠದಲ್ಲಿರುವ ಕವನ ಈಕೆಯದೇ. 1887ರ ನವೆಂಬರಿನಲ್ಲಿ ಎಮ್ಮಾ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು ಬರೀ 38. ಆದರೆ ಅನುಕೂಲಸ್ಥರ ಮನೆತನ. ಸ್ವಂತ ಮನೆ, ಬಳಿಯಲ್ಲಿ ಅಕ್ಕತಂಗಿಯರು, ಆರೈಕೆಗೆ ಕೊರತೆಯಿರಲಿಲ್ಲ. ಕೆಲವು ವರ್ಷಗಳ ಬಳಿಕ ರೋಸ್ ಇನ್ನೊಬ್ಬಳ ಸುದ್ದಿ ಕೇಳಿದರು. ಹೊಲಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದ ಬಡ ಹೆಂಗಸು, ಅದೇ ರೋಗ. ವಾಸಿಯಾಗದು ಎಂದು ಗೊತ್ತಾದಾಗ ಅವಳನ್ನು ಬ್ಲ್ಯಾಕ್‌ವೆಲ್ ದ್ವೀಪದ ಅನಾಥಾಲಯಕ್ಕೆ ಸಾಗಿಸಲಾಗಿತ್ತು. ಕ್ಯಾನ್ಸರ್ ಅಂಟುರೋಗವೆಂದು ಜನ ಹೆದರುತ್ತಿದ್ದ ಕಾಲ. ಗೆಳತಿಗೆ ಸಿಕ್ಕಿದ್ದು ಈ ಹೆಂಗಸಿಗೆ ಯಾಕೆ ಸಿಗಬಾರದು ಎಂಬ ಪ್ರಶ್ನೆ ರೋಸ್ ಅವರನ್ನು ಮತ್ತೆ ಮಲಗಲು ಬಿಡಲಿಲ್ಲ. (ಕ್ಯಾನ್ಸರ್ ಅಂಟುವುದಿಲ್ಲವೆಂದು ಇಂದು ನಮಗೆ ಚೆನ್ನಾಗಿ ಗೊತ್ತು. ಆದರೂ ರೋಗಿಯ ಬಟ್ಟಲು, ಲೋಟ ಬೇರೆ ಇಡುವ ಮನೆಗಳನ್ನು ನಮ್ಮ ವಾಳೆಗಳಲ್ಲೇ ನಾನು ಕಂಡಿದ್ದೇನೆ.)

1896ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ರೋಸ್ ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಹುಣ್ಣು ತೊಳೆದು ಕಟ್ಟುವುದನ್ನು ಮೂರು ತಿಂಗಳು ಕಲಿತರು. ದೊಡ್ಡ ಮನೆತನದ ಹೆಣ್ಣುಮಗಳು, ಪತ್ರಿಕೆಗಳಿಗೆ ಕವಿತೆ ಬರೆಯುತ್ತಿದ್ದವರು. ಕಲಿತು ಮುಗಿದ ಮೇಲೆ ಊರಿನ ತೀರ ಬಡವರ ಕೇರಿಯಲ್ಲಿ ಪುಟ್ಟ ಕೋಣೆಗಳನ್ನು ಬಾಡಿಗೆಗೆ ಹಿಡಿದರು. ಆಸ್ಪತ್ರೆಯಲ್ಲಿ ಪರಿಚಯವಾದ ಮಿಸೆಸ್ ವಾಟ್ಸನ್ ಎಂಬ ಮುದುಕಿಗೆ ಮುಖದ ಕ್ಯಾನ್ಸರ್. ಇನ್ನು ಚಿಕಿತ್ಸೆಯಿಲ್ಲವೆಂದು ಅಲ್ಲಿಂದ ಕಳುಹಿಸಿದಾಗ ರೋಸ್ ಆಕೆಯನ್ನು ತನ್ನ ಕೋಣೆಗೇ ಕರೆತಂದರು.

1897ರ ಡಿಸೆಂಬರಿನಲ್ಲಿ ಆಲಿಸ್ ಹ್ಯೂಬರ್ ಎಂಬ ಚಿತ್ರಕಲಾವಿದೆ ಆ ಮನೆಯ ಮೆಟ್ಟಿಲು ಹತ್ತಿದರು. ಒಳಗಿನ ವಾಸನೆ, ಬಡತನ, ಕಟ್ಟುತ್ತಿದ್ದ ಹುಣ್ಣು ನೋಡಿ ಆಲಿಸ್‌ಗೆ ಮೊದಲು ಹುಟ್ಟಿದ್ದು ಕರುಣೆಯಲ್ಲ, ಹೇಸಿಗೆ. ಈ ಸಂಗತಿಯನ್ನು ಸಂತರ ಚರಿತ್ರೆ ಬರೆಯುವವರು ಬಿಟ್ಟುಬಿಡಬಾರದು ಎಂದು ನನ್ನ ಅಭಿಪ್ರಾಯ. ವಾರಕ್ಕೊಂದು ಮಧ್ಯಾಹ್ನ ಬರುತ್ತೇನೆಂದು ಹೇಳಿದರು. ಕೆಲವು ತಿಂಗಳಲ್ಲಿ ಪೆಟ್ಟಿಗೆ ಸಮೇತ ಬಂದು ಅಲ್ಲೇ ಉಳಿದರು. ಮುಂದಿನ ಇಪ್ಪತ್ತೆಂಟು ವರ್ಷ ಆ ಇಬ್ಬರು ಗೆಳತಿಯರು ಬೇರೆಯಾಗಲಿಲ್ಲ.

1898ರಲ್ಲಿ ಜಾರ್ಜ್ ತೀರಿಕೊಂಡ. 1900ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಇಬ್ಬರೂ ದೊಮಿನಿಕನ್ ಧರ್ಮಭಗಿನಿಯರಾಗಿ ವ್ರತ ಸ್ವೀಕರಿಸಿದರು. ರೋಸ್ ಮದರ್ ಅಲ್ಫೋನ್ಸಾ ಆದರು. ಆಲಿಸ್ ಸಿಸ್ಟರ್ ರೋಸ್. ಮರುವರ್ಷ ನಗರದಾಚೆ ರೋಸರಿ ಹಿಲ್ ಎಂಬಲ್ಲಿ ದೊಡ್ಡ ಮನೆ ಸಿಕ್ಕಿತು. ನಿಯಮಗಳು ಕಟ್ಟುನಿಟ್ಟು. ರೋಗಿಯಿಂದಾಗಲಿ ಮನೆಯವರಿಂದಾಗಲಿ ಕಾಸು ಮುಟ್ಟುವಂತಿಲ್ಲ. ಜಾತಿ ಮತ ಕೇಳುವಂತಿಲ್ಲ. ರೋಗಿಯ ಮೇಲೆ ಪ್ರಯೋಗ ನಡೆಸುವಂತಿಲ್ಲ. ಎಂಥ ಹುಣ್ಣು ಕಂಡರೂ ಮುಖದಲ್ಲಿ ಅಸಹ್ಯ ತೋರುವಂತಿಲ್ಲ. ಖರ್ಚಿಗೆ ಪತ್ರಿಕೆಗಳಲ್ಲಿ ಬರೆದು ಬೇಡಿದರು. ಸಾಹಿತಿ ಮಾರ್ಕ್ ಟ್ವೈನ್ ಕೂಡ ನೆರವಾದರು. ತಂದೆಯಿಂದ ಬಂದ ಲೇಖನಿ ಈ ಕೆಲಸಕ್ಕೆ ಉಪಯೋಗವಾಯಿತು.

1926ರ ಜುಲೈ 9ರಂದು, ತಂದೆತಾಯಿಯ ಮದುವೆಯಾದ ತಾರೀಕಿನಂದೇ, ಮದರ್ ಅಲ್ಫೋನ್ಸಾ ನಿದ್ದೆಯಲ್ಲಿ ಪ್ರಭುವನ್ನು ಸೇರಿದರು. 2024ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸರು ಆಕೆಯ ಸದ್ಗುಣಗಳನ್ನು ಮಾನ್ಯ ಮಾಡಿ ಪೂಜ್ಯರೆಂದು ಘೋಷಿಸಿದರು. ಆ ಮನೆಯಲ್ಲಿ ಭಗಿನಿಯರ ಸೇವೆ ಇಂದಿಗೂ ನಡೆದಿದೆ.

ಗಮನಿಸಿ, ಆಕೆ ಯಾರನ್ನೂ ಗುಣಪಡಿಸಲಿಲ್ಲ. ಯೋಬನ ಗೆಳೆಯರು ಏಳು ದಿನ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದಷ್ಟು ಕಾಲ ಒಳ್ಳೆಯ ಗೆಳೆಯರೇ ಆಗಿದ್ದರು. ಕಾರಣ ವಿವರಿಸಲು ಬಾಯಿ ತೆರೆದ ಮೇಲೆ ಕೆಟ್ಟರು. ಸೆಮಿನರಿಯಲ್ಲಿ ಆ ಗ್ರಂಥವನ್ನು ಓದಿ ಪರೀಕ್ಷೆ ಬರೆದಿದ್ದೆ. ಅರ್ಥವಾಗಿದ್ದು ಮಣಿಪಾಲದ ವಾರ್ಡುಗಳಲ್ಲಿ.

ಕಾಪುವಿನವರು ಕತೆ ಕೇಳಿ ಎದ್ದು ಹೋದರು. ಮುಂದಿನ ಭಾನುವಾರ ಬಲಿಪೂಜೆಯ ಬಳಿಕ ಸಿಕ್ಕಿ, ಶಿರ್ವ, ಬೆಳ್ಮಣ್ಣು ದಾರಿಯಾಗಿ ಕಾರ್ಕಳಕ್ಕೆ ಹೋಗಿಬಂದೆ ಎಂದರು. ಗೆಳೆಯರಿಗೆ ಮಾತಾಡಲು ಆಗುವುದಿಲ್ಲವಂತೆ, ಇವರೂ ಹೆಚ್ಚು ಮಾತಾಡಲಿಲ್ಲವಂತೆ. ಗಂಜಿಯ ತಿಳಿ ಕುಡಿಸಿ, ಇಬ್ಬರೂ ಜಗಲಿಯಲ್ಲಿ ಕುಳಿತು ಮಳೆ ನೋಡಿದರಂತೆ. ಸೋಮವಾರದಿಂದ ಮಣಿಪಾಲದಲ್ಲಿ ರೇಡಿಯೇಶನ್. ಕರೆದೊಯ್ಯುವ ಕಾರು ಇವರದೇ.