ಲಿಲಿಯನ್ ವಾಲ್ಡ್: ಗೃಹ ಶುಶ್ರೂಷೆಗೆ ತರಬೇತಿಯ ನೆಲೆ ಒದಗಿಸಿದವರು

ರೋಗಿಯ ಮನೆಗೇ ತೆರಳಿ ಮಾಡುವ ಶುಶ್ರೂಷೆಯು ಆಸ್ಪತ್ರೆಯ ಶುಶ್ರೂಷೆಗಿಂತ ಭಿನ್ನವಾದುದು ಹಾಗೂ ಅದಕ್ಕೆ ಪ್ರತ್ಯೇಕ ತರಬೇತಿ ಅವಶ್ಯವೆಂದು ಮನಗಂಡು, ಅದನ್ನು ಕಾರ್ಯರೂಪಕ್ಕೆ ತಂದವರಲ್ಲಿ ಅಮೆರಿಕದ ಲಿಲಿಯನ್ ವಾಲ್ಡ್ ಅವರು ಪ್ರಮುಖರು. ಇಂತಹ ಸೇವೆಗೆ ಇವರೇ ಮೊದಲಿಗರೇನಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ವಿಲಿಯಂ ರಾಥ್‌ಬೋನ್ ಎಂಬ ವರ್ತಕರು 1859ರಲ್ಲಿಯೇ ಬಡವರ ಮನೆಗಳಿಗೆ ಶುಶ್ರೂಷಕಿಯನ್ನು ಕಳುಹಿಸಲು ಆರಂಭಿಸಿದ್ದರು. ತರಬೇತಿ ಪಡೆದವರು ಸಾಕಷ್ಟು ದೊರೆಯದ ಕಾರಣ, ಫ್ಲಾರೆನ್ಸ್ ನೈಟಿಂಗೇಲ್ ಅವರ ಸಲಹೆ ಪಡೆದು ತರಬೇತಿ ಶಾಲೆಯನ್ನೂ ಸ್ಥಾಪಿಸಿದ್ದರು. ಆದರೆ ಈ ಸೇವೆಯನ್ನು ದಾನಿಗಳ ಔದಾರ್ಯವೊಂದನ್ನೇ ಅವಲಂಬಿಸದೆ, ಶುಲ್ಕ, ಒಪ್ಪಂದ ಮತ್ತು ವಿಶ್ವವಿದ್ಯಾಲಯದ ಶಿಕ್ಷಣದ ಆಧಾರದ ಮೇಲೆ ಬೆಳೆಸಿದ ಶ್ರೇಯಸ್ಸಿನ ಬಹುಪಾಲು ವಾಲ್ಡ್ ಅವರಿಗೆ ಸಲ್ಲಬೇಕು.

ವಾಲ್ಡ್ ಅವರು ದಿನಾಂಕ 10-3-1867ರಂದು ಓಹಿಯೊ ರಾಜ್ಯದ ಸಿನ್ಸಿನಾಟಿಯಲ್ಲಿ, ಜರ್ಮನಿ ಮೂಲದ ಯಹೂದಿ ಕುಟುಂಬದಲ್ಲಿ ಜನಿಸಿದರು. ಬಾಲ್ಯವು ರಾಚೆಸ್ಟರ್ ನಗರದಲ್ಲಿ ಕೊರತೆಯಿಲ್ಲದೆ ಕಳೆಯಿತು. 16ನೇ ವಯಸ್ಸಿನಲ್ಲಿ ವಾಸರ್ ಕಾಲೇಜಿಗೆ ಅರ್ಜಿ ಸಲ್ಲಿಸಿದಾಗ, ವಯಸ್ಸು ಸಾಲದೆಂದು ಪ್ರವೇಶ ದೊರೆಯಲಿಲ್ಲ. ಮುಂದೆ ನ್ಯೂಯಾರ್ಕ್ ಆಸ್ಪತ್ರೆಯ ಶುಶ್ರೂಷಾ ಶಾಲೆಯನ್ನು ಸೇರಿ 1891ರಲ್ಲಿ ಶಿಕ್ಷಣ ಪೂರೈಸಿದರು. ಕೆಲಕಾಲ ಮಕ್ಕಳ ಆಶ್ರಯ ಸಂಸ್ಥೆಯೊಂದರಲ್ಲಿ ದುಡಿದು, ನಂತರ ವೈದ್ಯರಾಗುವ ಉದ್ದೇಶದಿಂದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದರು.

ವ್ಯಾಸಂಗದ ಜೊತೆಯಲ್ಲಿಯೇ, ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಪ್ರದೇಶದ ವಲಸಿಗ ಮಹಿಳೆಯರಿಗೆ ಗೃಹ ಶುಶ್ರೂಷೆಯ ಪಾಠ ಹೇಳುವ ಹೊಣೆಯನ್ನು ಅವರು ಒಪ್ಪಿಕೊಂಡಿದ್ದರು. 1893ರ ಮಾರ್ಚ್ ತಿಂಗಳ ಒಂದು ಮಳೆಯ ದಿನ, ಹಾಸಿಗೆ ಸಿದ್ಧಪಡಿಸುವ ಕ್ರಮವನ್ನು ಕಲಿಸುತ್ತಿದ್ದಾಗ, ಪುಟ್ಟ ಬಾಲಕಿಯೊಬ್ಬಳು ತನ್ನ ತಾಯಿಗೆ ಕಾಯಿಲೆಯೆಂದು ಕರೆಯಲು ಬಂದಳು. ವಾಲ್ಡ್ ಅವರು ಪಾಠಕ್ಕೆ ಬಳಸುತ್ತಿದ್ದ ಹಾಸಿಗೆಯ ವಸ್ತ್ರಗಳನ್ನೇ ತೆಗೆದುಕೊಂಡು, ಕೆಸರು ತುಂಬಿದ ಬೀದಿಗಳನ್ನು ದಾಟಿ, ವಠಾರದ ಹಿಂಬದಿಯ ಮನೆಯೊಂದನ್ನು ತಲುಪಿದರು. ಎರಡೇ ಕೊಠಡಿಗಳಲ್ಲಿ ಏಳು ಮಂದಿಯ ಕುಟುಂಬ, ಸಾಲದೆಂಬಂತೆ ಬಾಡಿಗೆಗೆ ಮಲಗುವ ಹೊರಗಿನವರು. ಹೆರಿಗೆಯಾದ ಬಳಿಕ ರಕ್ತಸ್ರಾವಕ್ಕೆ ಒಳಗಾಗಿದ್ದ ತಾಯಿ ಎರಡು ದಿನಗಳಿಂದ ಮಲಿನವಾದ ಹಾಸಿಗೆಯಲ್ಲಿಯೇ ಇದ್ದರು. ವಾಲ್ಡ್ ಅವರು ಆಕೆಯನ್ನು ಶುಚಿಗೊಳಿಸಿ, ಹಾಸಿಗೆ ಬದಲಿಸಿ, ಮನೆಯನ್ನು ಸ್ವಚ್ಛಮಾಡಿದರು.

ಆಸ್ಪತ್ರೆಯಲ್ಲಿ ನೀರು, ಬಟ್ಟೆ, ಬೆಳಕು, ಹಿರಿಯ ಶುಶ್ರೂಷಕಿ, ಕೂಗಳತೆಯಲ್ಲಿ ವೈದ್ಯರು ಎಲ್ಲವೂ ಇರುತ್ತವೆ. ಮನೆಯಲ್ಲಿ ಇವಾವುವೂ ಇಲ್ಲದಿರಬಹುದು. ಅಲ್ಲಿ ಶುಶ್ರೂಷಕಿ ಏಕಾಂಗಿ. ಆಕೆ ಹೊರಟುಹೋದ ನಂತರ ಉಳಿದ ತಾಸುಗಳಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಮನೆಯವರೇ ಆದುದರಿಂದ, ಅವರಿಗೆ ಕಲಿಸಿಕೊಡುವುದು ಸಹ ಆಕೆಯ ಕರ್ತವ್ಯದ ಭಾಗವಾಗುತ್ತದೆ. ಆಸ್ಪತ್ರೆಯ ಶಾಲೆಗಳು ಇದನ್ನು ಕಲಿಸುತ್ತಿರಲಿಲ್ಲ. ವಾಲ್ಡ್ ಅವರು ವೈದ್ಯಕೀಯ ವ್ಯಾಸಂಗವನ್ನು ತ್ಯಜಿಸಿ, ಸಹಪಾಠಿಯಾಗಿದ್ದ ಮೇರಿ ಬ್ರೂಸ್ಟರ್ ಅವರೊಂದಿಗೆ ಅದೇ ಪ್ರದೇಶದ ವಠಾರವೊಂದರ ಮೇಲಂತಸ್ತಿನಲ್ಲಿ ನೆಲೆಸಿದರು. 1895ರಲ್ಲಿ ಬ್ಯಾಂಕ್ ಉದ್ಯಮಿ ಜೇಕಬ್ ಶಿಫ್ ಅವರ ನೆರವಿನಿಂದ ಹೆನ್ರಿ ಬೀದಿಯ 265ನೇ ಸಂಖ್ಯೆಯ ಕಟ್ಟಡಕ್ಕೆ ಅವರ ಕೇಂದ್ರವು ಸ್ಥಳಾಂತರಗೊಂಡಿತು. ಅದೇ ಹೆನ್ರಿ ಸ್ಟ್ರೀಟ್ ಸೆಟ್ಲ್‌ಮೆಂಟ್ ಸಂಸ್ಥೆ.

ಸಂಸ್ಥೆಯ ಕಾರ್ಯವಿಧಾನವು ಸರಳವಾಗಿತ್ತು. ವೈದ್ಯರು ಮಾತ್ರವಲ್ಲದೆ ರೋಗಿಯ ಮನೆಯವರು ಅಥವಾ ನೆರೆಯವರು ಕರೆದರೂ ಶುಶ್ರೂಷಕಿ ತೆರಳುತ್ತಿದ್ದರು. ಇದಕ್ಕೆ ಕೆಲವು ವೈದ್ಯರಿಂದ ಆಕ್ಷೇಪಣೆಗಳೂ ಬಂದವು. ಜಾತಿ, ಮತ, ಭಾಷೆಯ ಭೇದವಿರಲಿಲ್ಲ. 1906ರಲ್ಲಿ ಎಲಿಜಬೆತ್ ಟೈಲರ್ ಅವರನ್ನು ಪ್ರಥಮ ಕಪ್ಪುವರ್ಣೀಯ ಶುಶ್ರೂಷಕಿಯಾಗಿ ನೇಮಿಸಲಾಯಿತು. ಶಕ್ತರಾದವರಿಂದ ಅಲ್ಪ ಶುಲ್ಕ ಪಡೆಯಲಾಗುತ್ತಿತ್ತು, ಅಶಕ್ತರಿಗೆ ಸೇವೆ ಉಚಿತವಾಗಿತ್ತು. ಶುಲ್ಕದಿಂದ ಬರುವ ಹಣಕ್ಕಿಂತಲೂ, ಪಡೆಯುವವರ ಸ್ವಾಭಿಮಾನ ಉಳಿಯುವುದು ಇಲ್ಲಿ ಮುಖ್ಯವಾಗಿತ್ತು. 1913ರ ವೇಳೆಗೆ 92 ಶುಶ್ರೂಷಕಿಯರು ವರ್ಷಕ್ಕೆ ಸುಮಾರು 2 ಲಕ್ಷ ಭೇಟಿಗಳನ್ನು ನೀಡುತ್ತಿದ್ದರು.

ಲೆಕ್ಕಪತ್ರದ ದೃಷ್ಟಿಯಿಂದ ಅತ್ಯಂತ ಮಹತ್ವದ ಹೆಜ್ಜೆ 1909ರದು. ರೋಗಿಗಳಾದ ಪಾಲಿಸಿದಾರರ ಮನೆಗೆ ತರಬೇತಿ ಪಡೆದ ಶುಶ್ರೂಷಕಿಯರನ್ನು ಕಳುಹಿಸಿದರೆ ಸಾವಿನ ಪ್ರಮಾಣ ತಗ್ಗಿ, ಪರಿಹಾರವಾಗಿ ನೀಡಬೇಕಾದ ಮೊತ್ತವೂ ಇಳಿಯುವುದೆಂಬ ವಾದವನ್ನು ಮೆಟ್ರೊಪಾಲಿಟನ್ ಜೀವ ವಿಮಾ ಕಂಪನಿಯ ಮುಂದಿಟ್ಟು, ಆ ಕಂಪನಿಯ ವೆಚ್ಚದಲ್ಲಿ ಸೇವೆ ಒದಗಿಸುವ ವ್ಯವಸ್ಥೆಗೆ ಅವರು ಕಾರಣರಾದರು. ಪ್ರಾಯೋಗಿಕವಾಗಿ ಆರಂಭಗೊಂಡ ಈ ಯೋಜನೆಯು ದೇಶದ ಇತರೆಡೆಗಳಿಗೂ ಹಬ್ಬಿ, 1953ರವರೆಗೆ ನಡೆಯಿತು. ಆದರೆ ಬೇಡಿಕೆ ಹೆಚ್ಚಿದಂತೆ ಅರ್ಹ ಸಿಬ್ಬಂದಿಯ ಕೊರತೆ ತಲೆದೋರಿತು. ಕೆಲಸಕ್ಕೆ ಜನರಿದ್ದರೂ, ಮನೆಯ ಕೆಲಸಕ್ಕೆ ಸಿದ್ಧಗೊಂಡವರು ವಿರಳವಾಗಿದ್ದರು.

ಈ ಕೊರತೆಗೆ ಉತ್ತರವಾಗಿ 1910ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜಿನಲ್ಲಿ, ಹೆಲೆನ್ ಹಾರ್ಟ್ಲಿ ಜೆಂಕಿನ್ಸ್ ಅವರ ದೇಣಿಗೆಯಿಂದ ಶುಶ್ರೂಷೆ ಮತ್ತು ಆರೋಗ್ಯ ವಿಭಾಗವು ಆರಂಭವಾಯಿತು. ಇದರ ಹಿಂದೆ ವಾಲ್ಡ್ ಅವರ ಪ್ರಯತ್ನವಿತ್ತು. ತರಗತಿಯಲ್ಲಿ ಕಲಿತುದನ್ನು ಹೆನ್ರಿ ಬೀದಿಯ ಶುಶ್ರೂಷಕಿಯರೊಡನೆ ಮನೆಗಳಲ್ಲಿ ಅಭ್ಯಾಸ ಮಾಡುವ ಅವಕಾಶ ವಿದ್ಯಾರ್ಥಿನಿಯರಿಗಿತ್ತು. 1912ರಲ್ಲಿ ಸಾರ್ವಜನಿಕ ಆರೋಗ್ಯ ಶುಶ್ರೂಷೆಯ ರಾಷ್ಟ್ರೀಯ ಸಂಘಟನೆ ಸ್ಥಾಪನೆಗೊಂಡು, ವಾಲ್ಡ್ ಅವರು ಅದರ ಪ್ರಥಮ ಅಧ್ಯಕ್ಷರಾದರು.

ಫಲಿತಾಂಶಗಳನ್ನು ಅಂಕಿ-ಅಂಶಗಳಲ್ಲಿ ದಾಖಲಿಸುವುದು ಅವರ ರೂಢಿಯಾಗಿತ್ತು. 1914ರಲ್ಲಿ ಸಂಸ್ಥೆಯ ಶುಶ್ರೂಷಕಿಯರು ಮನೆಗಳಲ್ಲಿ ನೋಡಿಕೊಂಡ ನ್ಯುಮೋನಿಯಾ ರೋಗಿಗಳು 3,535 ಮಂದಿ. ಅವರಲ್ಲಿ ಸಾವಿನ ಪ್ರಮಾಣ ಶೇ. 8.05. ಅದೇ ಅವಧಿಯಲ್ಲಿ ನಗರದ ನಾಲ್ಕು ದೊಡ್ಡ ಆಸ್ಪತ್ರೆಗಳಲ್ಲಿದ್ದ 1,612 ರೋಗಿಗಳಲ್ಲಿ ಈ ಪ್ರಮಾಣ ಶೇ. 31.2 ಆಗಿತ್ತು. ರೋಗ ಉಲ್ಬಣಿಸಿದವರು ಆಸ್ಪತ್ರೆಗೆ ಸೇರುವುದು ಸಹಜವಾದ್ದರಿಂದ ಎರಡನ್ನೂ ನೇರವಾಗಿ ಹೋಲಿಸುವುದು ಉಚಿತವಲ್ಲ. ಆದರೂ ಪ್ರತಿಜೀವಕ ಔಷಧಗಳೇ ಇಲ್ಲದಿದ್ದ ಆ ಕಾಲದಲ್ಲಿ ಜ್ವರ, ಉಸಿರಾಟ, ಆಹಾರ, ಗಾಳಿ ಬೆಳಕುಗಳ ಮೇಲೆ ನಿಗಾ ಇಡುವುದರ ಹೊರತು ಹೆಚ್ಚಿನ ಚಿಕಿತ್ಸೆ ಇರಲಿಲ್ಲವೆಂಬುದನ್ನು ಗಮನಿಸಿದರೆ, ನುರಿತ ಕೈಗಳ ಬೆಲೆ ಅರಿವಾಗುತ್ತದೆ. 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದ ಸಂದರ್ಭದಲ್ಲಿ ನ್ಯೂಯಾರ್ಕಿನ ಶುಶ್ರೂಷಕಿಯರ ತುರ್ತು ಮಂಡಳಿಗೆ ವಾಲ್ಡ್ ಅವರೇ ಅಧ್ಯಕ್ಷರಾಗಿದ್ದರು.

ಶಾಲಾ ಶುಶ್ರೂಷಕಿಯರ ನೇಮಕ, ಬಾಲಕಾರ್ಮಿಕ ಪದ್ಧತಿಯ ವಿರೋಧ, ಮಹಿಳೆಯರ ಮತದಾನದ ಹಕ್ಕು ಮೊದಲಾದ ಕ್ಷೇತ್ರಗಳಲ್ಲಿಯೂ ಅವರು ಶ್ರಮಿಸಿದರು. ಅನಾರೋಗ್ಯದ ಕಾರಣ 1933ರಲ್ಲಿ ಸಂಸ್ಥೆಯ ಹೊಣೆಯಿಂದ ನಿವೃತ್ತರಾಗಿ, ದಿನಾಂಕ 1-9-1940ರಂದು ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿ ನಿಧನರಾದರು. ಶುಶ್ರೂಷಾ ವಿಭಾಗವು 1944ರಲ್ಲಿ ಹೆನ್ರಿ ಬೀದಿಯ ಸಂಸ್ಥೆಯಿಂದ ಬೇರ್ಪಟ್ಟು ಸ್ವತಂತ್ರ ಸಂಸ್ಥೆಯಾಯಿತು. ಅದು 2022ರಲ್ಲಿ ವಿಎನ್‌ಎಸ್ ಹೆಲ್ತ್ ಎಂಬ ಹೆಸರನ್ನು ಪಡೆದು, ಇಂದಿಗೂ ನ್ಯೂಯಾರ್ಕಿನ ಮನೆಗಳಿಗೆ ಶುಶ್ರೂಷಾ ಸಿಬ್ಬಂದಿಯನ್ನು ಕಳುಹಿಸುತ್ತಿದೆ.